ತಾಯವ್ವತ್ತೆ ಸತ್ತ ಕಾರಣ

ಅಪ್ಪನಿಗೆ ಗೊತ್ತಿತ್ತೇ? ಇರಲಿಕ್ಕಿಲ್ಲ. ಗೊತ್ತಿದ್ದೂ ಹೆತ್ತ ಮಗಳಿಂದ ಯಾರಾದರೂ ಮುಚ್ಚಿಡುತ್ತಾರೆಯೇ? ಹುನಗುಂದದ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತ ಶಾಲಾ ಮಾಸ್ತರ ಮಹಾಂತೇಶ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಸಮಾಧಾನ ನಿಲ್ಲುತ್ತಿರಲಿಲ್ಲ.

ಬಾಗಲಕೋಟೆಯ ಡಾಕ್ಟರ್ ಸುನಂದಾ ಬಿಡಿಸಿ ಹೇಳಿದ್ದರು. ತಂಗಿ ಭಾಗ್ಯಜ್ಯೋತಿಗೆ ಬಂದದ್ದು ಹೆಸರಿಗಷ್ಟೇ ಅಂಡಾಶಯದ ಕ್ಯಾನ್ಸರ್. ಆ ರೋಗದಲ್ಲಿ ಹಲವು ಬಗೆ; ಇವಳದು ಹುಟ್ಟಿದ್ದು ಅಂಡನಾಳದ ತುದಿಯಲ್ಲಿ, ಆಮೇಲೆ ಅಂಡಾಶಯಕ್ಕೆ ಉದುರಿ ಅಲ್ಲಿ ಬೆಳೆದದ್ದು. ಹರಿದ ಡಿಎನ್‌ಎಯನ್ನು ಹೊಲಿಯುವ ಜೀನೊಂದು ಅವಳಲ್ಲಿ ಹುಟ್ಟಿನಿಂದಲೇ ಕೆಟ್ಟಿತ್ತು. ಅವ್ವನ ರಕ್ತದಲ್ಲಿ ಆ ದೋಷ ಸಿಗಲಿಲ್ಲ.

"ಹಂಗಾರ ತಂದಿ ಕಡಿಯಿಂದ ಬಂದಿರಬೇಕ್ರಿ. ಗಂಡಸು ತಾನು ನೆಟ್ಟಗಿದ್ದು ಮಗಳಿಗೆ ದಾಟಸ್ತಾನ. ಮೊದಲ ಗೊತ್ತಿದ್ರ, ಕೂಸು ಹುಟ್ಟಿದ ಮ್ಯಾಲೆ ನಾಳ, ಅಂಡಾಶಯ ಎರಡೂ ತಗಸಬಹುದಿತ್ತು. ನಿಮ್ಮ ಮನಿತನದಾಗ ಯಾರಿಗರೆ ಇತ್ತೇನ್ರಿ?"

ಅಪ್ಪನ ಅಕ್ಕ ತಾಯವ್ವತ್ತೆ ಹೊಟ್ಟೆ ಉಬ್ಬಿ ಸತ್ತಿದ್ದಳು. ಕಮತಗಿಯ ಗಂಡನ ಮನೆಯವರು ಊಟದಲ್ಲಿ ಮದ್ದು ಹಾಕಿ ಕೊಂದರೆಂದು ಅಪ್ಪ ಅಮಾತೆಪ್ಪ ಊರಿಗೆಲ್ಲ ಹೇಳಿದ್ದ. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು.

ಬಸ್ಸು ಕಮತಗಿಗೆ ಬಂದಾಗ ಮಹಾಂತೇಶ ಇಳಿದುಬಿಟ್ಟ.

ಅತ್ತೆಯ ಗಂಡ ದುರಗಪ್ಪ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ. ನೀರಿನ ತಂಬಿಗೆ ತಂದು ಮುಂದಿಟ್ಟು ನಕ್ಕ.

"ಕುಡಿಯೋ ಮಾಸ್ತರ. ಮದ್ದು ತೀರೇತಿ, ಬರೇ ನೀರೈತಿ."

ಮಹಾಂತೇಶ ಗಟಗಟ ಕುಡಿದ. "ಜ್ಯೋತಿಗೆ ಕ್ಯಾನ್ಸರ್ ಆಗೇತ್ರಿ ಮಾವ. ಅತ್ತಿಗೆ ಏನಾಗಿತ್ತು? ಖರೆ ಹೇಳ್ರಿ."

ದುರಗಪ್ಪ ಕೈಯಲ್ಲಿನ ಶೇಂಗಾ ಕೆಳಗಿಟ್ಟ.

"ಅದ ಆಗಿತ್ತು. ಹುಬ್ಬಳ್ಳಿ ದವಾಖಾನ್ಯಾಗ ಡಾಕ್ಟರ್ ಹೇಳೂ ಮುಂದ ನಿಮ್ಮಪ್ಪ ನನ್ನ ಬಾಜೂಕ ಕುಂತಿದ್ದ. ನಿಮ್ಮ ಮನಿತನದ ಹೆಣಮಕ್ಕಳನ್ನ ತಪಾಸ ಮಾಡಸ್ರಿ ಅಂತ ಅವಗ ಅಂದ್ರು. ಹೊರಗ ಬಂದು ನನ್ನ ಕಾಲು ಹಿಡದ. ಜ್ಯೋತಿ ಲಗ್ನ ಆಗೂಮಟ ಬಾಯಿ ಬಿಡಬ್ಯಾಡ್ರಿ ಮಾವ, ಅಂದ."

"ಲಗ್ನ ಆದ ಮ್ಯಾಲೆ?"

"ಆ ಮ್ಯಾಲೆ ನನ್ನಂಥ ಮದ್ದು ಹಾಕಿದಾವನ ಮಾತು ಯಾರು ಕೇಳ್ತಾರೋ? ಆ ಸುದ್ದಿ ಹಬ್ಬಿಸಿದಾವನೂ ನಿಮ್ಮಪ್ಪನ ಅಲ್ಲೇನು?"

ಹುನಗುಂದದ ಮನೆ ಹೊಕ್ಕಾಗ ಅಪ್ಪ ದಾಳಿಂಬೆ ಬಿಡಿಸಿ ಜ್ಯೋತಿಯ ಬಾಯಿಗೆ ಹಾಕುತ್ತಿದ್ದ. ಕೂದಲುದುರಿದ ಅವಳ ತಲೆಗೆ ತನ್ನ ಟವೆಲ್ಲನ್ನೇ ಸುತ್ತಿದ್ದ.

"ಡಾಕ್ಟರ್ ಏನಂದ್ರು? ನಿಮ್ಮವ್ವನ ತವರಿಂದ ಬಂದಿದ್ದು ಹೌದಿಲ್ಲೋ?"

ಬಾಗಿಲಲ್ಲಿ ನಿಂತಿದ್ದ ಅವ್ವ ಸಿದ್ದವ್ವ ತಲೆ ತಗ್ಗಿಸಿದಳು.

"ಅವ್ವನ ಕಡೀದಲ್ಲ, ನಮ್ಮ ಕಡೀದು," ಎಂದ ಮಹಾಂತೇಶ. "ನಾನೂ ತಪಾಸಣಿಗೆ ರಕ್ತ ಕೊಟ್ಟು ಬಂದೇನಿ. ಜ್ಯೋತಿ ಮಗಳನ್ನೂ ದೊಡ್ಡಾಕಿ ಆದ ಮ್ಯಾಲೆ ತೋರಿಸ್ಬೇಕು."

ಅಪ್ಪನ ಬೆರಳು ನಿಂತವು.

"ಅಪ್ಪಗ ಯಾಕ ಹಂಗ ನೋಡ್ತಿ ಅಣ್ಣ?" ಎಂದಳು ಜ್ಯೋತಿ. "ಪಾಪ, ಅವಗೇನು ಗೊತ್ತಿತ್ತು? ನನ್ನ ಸಲುವಾಗಿ ಮಹಾಕೂಟಕ್ಕ ಹರಕಿ ಹೊತ್ತಾನ." ಮುಂದಿನ ತುತ್ತಿಗೆ ಬಾಯಿ ತೆರೆದಳು.

ಅಪ್ಪನಿಗೆ ಎಲ್ಲ ಗೊತ್ತಿತ್ತು ಎಂಬುದನ್ನು ಮಹಾಂತೇಶ ತಂಗಿಗೆ ಎಂದೂ ಹೇಳಲಿಲ್ಲ.