ಮೊದಲನೇ ಸಾಲಿನಲ್ಲಿ ಬಂದರೂ ಮಾರದ ನಿವೇಶನಗಳು

ಹೆದ್ದಾರಿ ಅಗಲವಾದ ಮೇಲೆ ಹಿರಿಯೂರಿನ ಸುತ್ತ ಏನಾಯಿತು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಸುಣ್ಣ ಬಳಿದ ಕಲ್ಲುಗಳು ಎದ್ದವು. ಕಲ್ಲಿನ ಪಕ್ಕ ಬೋರ್ಡು, ಬೋರ್ಡಿನ ಮೇಲೆ ದೇವರ ಹೆಸರು, ಅದರ ಕೆಳಗೆ ಫೋನ್ ನಂಬರು. ಕೆಲವು ಕಡೆ ನಿವೇಶನಗಳು ಮಾರಾಟವಾದವು. ಕೆಲವು ಕಡೆ ಕಲ್ಲುಗಳ ನಡುವೆ ಜಾಲಿ ಬೆಳೆಯಿತು.

ಕೊಬ್ಬರಿ ವ್ಯಾಪಾರಿ ಅಜ್ಜಪ್ಪನ ಬಡಾವಣೆಯಲ್ಲಿ ಜಾಲಿ ಬೆಳೆಯಿತು.

ಅಜ್ಜಪ್ಪ ಬಾಗೂರಿನವನು. ಹಿರಿಯೂರಿಗೆ ಬಂದು ಬಾಡಿಗೆ ಮಳಿಗೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಮಳಿಗೆಯ ಹಿಂದಿನ ಎರಡು ಕೋಣೆಗಳೇ ಮನೆ. ಹೆದ್ದಾರಿಯ ಪಕ್ಕದ ಹೊಲ ಅವನದಲ್ಲ, ಹೆಂಡತಿ ಶಿವಗಂಗಮ್ಮನಿಗೆ ತಾಯಿ ಕೊಟ್ಟದ್ದು. ಹೊಲದ ಮೂಲೆಯಲ್ಲಿ ಒಂದು ಹುಣಸೆಮರವಿತ್ತು. ಹೊಲವನ್ನು ನಿವೇಶನ ಮಾಡೋಣ ಎಂದು ಗಂಡ ಹೇಳಿದಾಗ ಶಿವಗಂಗಮ್ಮ ಒಂದೇ ಮಾತು ಕೇಳಿದ್ದಳು.

"ಹುಣಸೆಮರದ ಮೂಲೆ ನಂಗಿರಲಿ. ಮಿಕ್ಕಿದ್ದು ಮಾರ್ರಿ. ಅಲ್ಲೊಂದು ಸ್ವಂತ ಮನೆ ಕಟ್ಟಾಣ."

ರಸ್ತೆ, ಚರಂಡಿ, ನೀರಿನ ಟ್ಯಾಂಕು ತನ್ನ ಹಣದಲ್ಲಿ ಮಾಡಿಸಿದವನು ಗುತ್ತಿಗೆದಾರ ತಿಮ್ಮರಾಯಪ್ಪ. ಅವನ ಒಪ್ಪಂದ ಹೀಗಿತ್ತು: ಎರಡು ಸಾವಿರದ ಎಂಟನೇ ಇಸವಿಯ ಯುಗಾದಿಯೊಳಗೆ ಅರ್ಧ ನಿವೇಶನಗಳಾದರೂ ಮಾರಿ ಅವನ ಖರ್ಚು ತೀರಿಸಬೇಕು. ಇಲ್ಲದಿದ್ದರೆ ಉಳಿದ ನೆಲವೆಲ್ಲ ಅವನದು, ಹುಣಸೆಮರದ ಮೂಲೆಯೂ ಸೇರಿ. ಅಜ್ಜಪ್ಪ ನಗುತ್ತಲೇ ಸಹಿ ಹಾಕಿದ, ಹೆಂಡತಿಯ ಕೈಯಲ್ಲೂ ಹಾಕಿಸಿದ. ಹೆದ್ದಾರಿ ಪಕ್ಕದ ಜಾಗ ಮಾರಾಟವಾಗದೇ ಇರುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಯುಗಾದಿಗೆ ಇನ್ನೂ ವರ್ಷವಿರುವಾಗ ಶಿವಗಂಗಮ್ಮನ ತಂಗಿ ಉಷಾ ಬಂದಳು. ಅವಳು ಚಿತ್ರದುರ್ಗದ ಒಂದು ಲಾಡ್ಜಿನಲ್ಲಿ ರೂಮು ಬುಕ್ಕಿಂಗ್ ನೋಡಿಕೊಳ್ಳುತ್ತಿದ್ದಳು.

"ಭಾವ, ಎಷ್ಟು ಸೈಟು ಹೋದವು?"

"ಬರ್ತಾರೆ, ನೋಡ್ತಾರೆ, ಟೀ ಕುಡೀತಾರೆ, ಹೋಗ್ತಾರೆ."

"ಬೋರ್ಡು ನೋಡಿ ಬರೋರೆಲ್ಲ ಈ ಊರೋರೇ. ಇಲ್ಲಿರೋರಿಗೆ ಅಲ್ಯಾಕೆ ಸೈಟು ಬೇಕು? ತಗಳ್ಳೋರು ಬೆಂಗಳೂರು, ತುಮಕೂರು, ದಾವಣಗೆರೆಯಾಗೆ ಕುಂತವ್ರೆ. ಅವರು ನೆಟ್ಟಿನಾಗೆ ಹುಡುಕ್ತಾರೆ."

"ಅದಕ್ಕೇ ವೆಬ್‌ಸೈಟ್ ಮಾಡ್ಸೀನಲ್ಲ."

"ಮಾಡ್ಸಿದ್ರೆ ಸಾಲ್ದು ಭಾವ. ಹುಡುಕಿದೋರ ಕಣ್ಣಿಗೆ ಬೀಳ್ಬೇಕು. ಗೂಗಲ್‌ನಾಗೆ ಮೇಲೆ ಬರೋ ಹಂಗೆ ಮಾಡೋಕೇ ಅಂತ ಜನ ಅವ್ರೆ. ಅವರ ಸಹಾಯ ತಗಳ್ರಿ."

ಅಜ್ಜಪ್ಪ ಹೆಂಡತಿಯ ಕಡೆ ತಿರುಗಿದ. "ನೋಡೇ, ಇನ್ನು ನೆಟ್ಟಿಗೂ ಒಬ್ಬ ದಲ್ಲಾಳಿ ಬೇಕಂತೆ!"

"ನೀವು ದಲ್ಲಾಳಿ ಇಲ್ದೆ ಯಾವತ್ತು ಕೊಬ್ಬರಿ ಮಾರೀರಿ?" ಎಂದಳು ಶಿವಗಂಗಮ್ಮ.

ಉಷಾ ತನ್ನ ಲಾಡ್ಜಿಗೆ ಈ ಕೆಲಸ ಮಾಡಿಕೊಡುವ ಹೇಮಾವತಿ ಎಂಬುವವರ ನಂಬರು ಕೊಟ್ಟಳು. ಅಜ್ಜಪ್ಪ ಮಾರನೇ ದಿನ ಫೋನ್ ಮಾಡಿದ.

"ಗೂಗಲ್‌ನಾಗೆ ನಮ್ದು ಮೊದ್ಲು ಬರ್ಬೇಕು. ಮಾತು ಕೊಡ್ತೀರಾ?"

"ಮೊದಲು ಬರ್ತದೆ ಅಂತ ಯಾರೂ ಮಾತು ಕೊಡೋಕಾಗಲ್ಲ ಸರ್," ಎಂದರು ಹೇಮಾವತಿ. "ಪ್ರಯತ್ನ ಮಾಡಬಹುದು, ಕೆಲವು ತಿಂಗಳು ಹಿಡೀತದೆ. ನಿಮಗೆ ಫೋನ್ ಮಾಡೋರು ಮೊದಲು ಏನು ಕೇಳ್ತಾರೆ, ಅದನ್ನ ಹೇಳಿ."

ಅಜ್ಜಪ್ಪ ಫೋನ್ ಇಟ್ಟುಬಿಟ್ಟ. ಕೊಬ್ಬರಿ ಮಂಡಿಯಲ್ಲಿ ಬಾಯಿಮಾತೇ ಎಲ್ಲ. ಕಾಗದವಿಲ್ಲದೆ, ಕೈ ಹಿಡಿದು ಆಡಿದ ಮಾತಿನ ಮೇಲೆ ಲಾರಿಗಟ್ಟಲೆ ಮಾಲು ಹೋಗುತ್ತದೆ. "ಮಾತು ಕೊಡೋಕೆ ಆಗದೋರ ಹತ್ರ ಎಂಥ ವ್ಯಾಪಾರ?" ಎಂದ.

ಮಾತು ಕೊಡುವವನೂ ಸಿಕ್ಕಿದ. ಹೆಸರು ಪ್ರದೀಪ್. ಇಸ್ತ್ರಿ ಅಂಗಿ, ಸೊಂಟದಲ್ಲಿ ಮೊಬೈಲು. ಮಳಿಗೆಗೆ ಬಂದವನೇ ಅಜ್ಜಪ್ಪನ ಕೈ ಹಿಡಿದುಕೊಂಡ.

"ಸಾವ್ಕಾರ್ರೇ, ಮೊದಲನೇ ಪುಟ, ಮೊದಲನೇ ಸಾಲು. ಗ್ಯಾರಂಟಿ."

"ಮಾತು ತಪ್ಪಲ್ಲ ತಾನೇ?"

"ನಿಮ್ಮ ಬಡಾವಣೆ ಹೆಸ್ರು ಟೈಪ್ ಮಾಡಿ ನೋಡ್ಕಳ್ರಿ. ಮೊದ್ಲು ಬರ್ಲಿಲ್ಲ ಅಂದ್ರೆ ನನ್ನ ಕೇಳ್ರಿ."

ವೆಬ್‌ಸೈಟಿನ ಹೆಸರನ್ನೂ, ಅದರ ಪಾಸ್‌ವರ್ಡನ್ನೂ ಪ್ರದೀಪನೇ ತನ್ನ ಹೆಸರಿಗೆ ಮಾಡಿಕೊಂಡ. "ನಿಮಗ್ಯಾಕೆ ತಲೆನೋವು?" ಎಂದ. ಅಜ್ಜಪ್ಪನಿಗೂ ಹಾಗೇ ಅನ್ನಿಸಿತು. ಪುಟದಲ್ಲಿ ಏನೇನಿರಬೇಕೆಂದು ಅಜ್ಜಪ್ಪನೇ ಹೇಳಿ ಬರೆಸಿದ: ಮೇಲೆ ಮನೆದೇವರ ಚಿತ್ರ, ಎರಡೂ ಕಡೆ ಉರಿಯುವ ದೀಪ, ನಡುವೆ ದೊಡ್ಡದಾಗಿ ಶ್ರೀ ಗುಡ್ಡದ ವೀರಭದ್ರೇಶ್ವರ ಬಡಾವಣೆ.

ಚಹಾ ತಂದ ಶಿವಗಂಗಮ್ಮ ಕೇಳಿದಳು. "ಹಿರಿಯೂರು ಅಂತ ಎಲ್ಲೂ ಬರ್ದಿಲ್ವಲ್ರಿ?"

"ಹಿರಿಯೂರಾಗೆ ಕುಂತು ಹಿರಿಯೂರು ಅಂತ ಬರೀಬೇಕೇನೇ? ನಮ್ಮ ಜಾಗ ಎಲ್ಲೈತೆ ಅಂತ ಯಾರಿಗೆ ಗೊತ್ತಿಲ್ಲ?"

ಪ್ರದೀಪ ತಲೆಯಾಡಿಸಿದ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಹೋದ.

ಅವನು ಮಾತು ಉಳಿಸಿಕೊಂಡ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಅಜ್ಜಪ್ಪ ಬಡಾವಣೆಯ ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದ. ಮೊದಲನೇ ಸಾಲಿನಲ್ಲೇ ವೀರಭದ್ರ ಬಂದ! ಅಜ್ಜಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ. ಸೈಬರಿನಲ್ಲಿ ಇದ್ದವರಿಗೆಲ್ಲ ಪೇಡ ಹಂಚಿದ.

ಪುಟದ ತಳದಲ್ಲಿ ನೋಡಿದವರ ಸಂಖ್ಯೆ ತೋರಿಸುವ ಒಂದು ಚಿಕ್ಕ ಪಟ್ಟಿ ಇತ್ತು. ಅದು ದಿನದಿನಕ್ಕೂ ಏರುತ್ತಿತ್ತು. ಅಜ್ಜಪ್ಪ ಸಂಜೆ ಮಳಿಗೆ ಮುಚ್ಚಿದ ಮೇಲೆ ಅದನ್ನು ನೋಡಲು ಹೋಗುತ್ತಿದ್ದ. ಶ್ರೀರಾಂಪುರದಿಂದ ಬೀಗರು ಬಂದರೆ ಅವರನ್ನೂ ಕರೆದೊಯ್ಯುತ್ತಿದ್ದ. ಬಾಗೂರಿನ ಅಣ್ಣತಮ್ಮಂದಿರಿಗೆ ಫೋನ್ ಮಾಡಿ, "ಹೊಸದುರ್ಗಕ್ಕೆ ಹೋದಾಗ ನೋಡ್ರಲೇ, ನಮ್ಮ ದೇವ್ರು ಮೊದ್ಲು ಬರ್ತಾನೆ," ಎನ್ನುತ್ತಿದ್ದ. ಅವರೂ ನೋಡುತ್ತಿದ್ದರು. ಸಂಖ್ಯೆ ಏರುತ್ತಿತ್ತು.

ಫೋನ್ ಮಾತ್ರ ಬರುತ್ತಿರಲಿಲ್ಲ.

"ಇಷ್ಟು ಜನ ನೋಡ್ತವ್ರೆ ಅಂತೀರಿ. ಒಬ್ರೂ ಯಾಕೆ ಮಾತಾಡಲ್ಲ?" ಎಂದು ಶಿವಗಂಗಮ್ಮ ಕೇಳಿದರೆ, "ದೊಡ್ಡ ವ್ಯಾಪಾರ ಕಣೇ. ಜನ ಯೋಚ್ನೆ ಮಾಡ್ತವ್ರೆ," ಎನ್ನುತ್ತಿದ್ದ.

ದೀಪಾವಳಿಗೆ ಉಷಾ ಮತ್ತೆ ಬಂದಳು. ಭಾವ ಅವಳನ್ನೂ ಸೈಬರಿಗೆ ಕರೆದೊಯ್ದ. ಶಿವಗಂಗಮ್ಮನೂ ಹೋದಳು. ವೀರಭದ್ರ ಬಂದ, ದೀಪಗಳು ಉರಿದವು.

"ಚೆನ್ನಾಗೈತೆ ಭಾವ. ಈಗ ಏಳ್ರಿ, ನಾನು ಕುಂತ್ಕಳ್ತೀನಿ," ಎಂದಳು ಉಷಾ. "ನಾನೀಗ ತುಮಕೂರಿನೋಳು. ನಿಮ್ಮನ್ನ ಕಂಡೇ ಇಲ್ಲ. ಹೆದ್ದಾರಿ ಪಕ್ಕ ಒಂದು ಸೈಟು ಬೇಕು. ಏನಂತ ಹುಡುಕ್ಲಿ?"

"ಅದೇ, ಗುಡ್ಡದ ವೀರಭದ್ರೇಶ್ವರ..."

"ಆ ಹೆಸ್ರು ನಂಗೆ ಯಾರು ಹೇಳಿದ್ರು ಭಾವ?"

ಅಜ್ಜಪ್ಪ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ.

ಉಷಾ 'ಹಿರಿಯೂರು ನಿವೇಶನ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಬೇರೆ ಯಾರದೋ ಬಡಾವಣೆಗಳು ಬಂದವು. 'ಹೆದ್ದಾರಿ ಪಕ್ಕ ಸೈಟು, ಹಿರಿಯೂರು' ಎಂದು ಹುಡುಕಿದಳು. ವಾಣಿವಿಲಾಸ ಸಾಗರದ ಹೆಸರು ಸೇರಿಸಿ ಹುಡುಕಿದಳು. ಪುಟದ ಮೇಲೆ ಪುಟ ತಿರುವಿದಳು. ವೀರಭದ್ರ ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಹಿರಿಯೂರು ಎಂಬ ಒಂದು ಪದವೂ ಆ ಪುಟದಲ್ಲಿ ಇರಲಿಲ್ಲ.

"ಹಂಗಾರೆ ಆ ನಂಬರು? ನೋಡಿದೋರು?" ಎಂದ ಅಜ್ಜಪ್ಪ.

"ನೀವು. ಶ್ರೀರಾಂಪುರದ ಬೀಗರು. ಬಾಗೂರಿನ ನಿಮ್ಮ ಅಣ್ಣತಮ್ಮಂದಿರು," ಎಂದಳು ಶಿವಗಂಗಮ್ಮ. "ಈಗ ನಾನೂ ಸೇರ್ಕಂಡೆ."

ಮಾರನೇ ಬೆಳಗ್ಗೆ ಅಜ್ಜಪ್ಪ ಪ್ರದೀಪನ ಆಫೀಸಿಗೆ ಹೋದ.

"ಏನಪ್ಪ, ಹಿಂಗೆ ಮಾಡ್ಬಿಟ್ಯಲ್ಲ?"

"ನಾನೇನು ಮಾಡ್ದೆ? ಹೆಸ್ರು ಹಾಕಿದ್ರೆ ಮೊದ್ಲು ಬರ್ತದೆ ಅಂದೆ, ಬಂತು. ಹಿರಿಯೂರು ಅಂತ ಬರೀಬ್ಯಾಡ ಅಂದೋರು ನೀವು. ಸೈಟು ಮಾರಿಸ್ತೀನಿ ಅಂತ ನಾನ್ಯಾವಾಗ ಮಾತು ಕೊಟ್ಟೆ ಸಾವ್ಕಾರ್ರೇ?"

ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಅದಕ್ಕೇ ಅಜ್ಜಪ್ಪನಿಗೆ ಹೆಚ್ಚು ಉರಿಯಿತು. ಆ ಹೆಸರನ್ನು ಜಗತ್ತಿನಲ್ಲಿ ಬೇರೆ ಯಾರೂ ಇಟ್ಟಿರಲಿಲ್ಲ. ಅದು ಯಾರ ಸಹಾಯವಿಲ್ಲದೆಯೂ ಮೊದಲು ಬರುತ್ತಿತ್ತು.

"ಹೋಗ್ಲಿ, ವೆಬ್‌ಸೈಟ್ ನಮ್ಮ ಕೈಗೆ ಕೊಡು. ಬೇರೆಯೋರ ಹತ್ರ ಸರಿ ಮಾಡಿಸ್ಕಳ್ತೀವಿ."

"ಅದು ನನ್ನ ಹೆಸ್ರಲ್ಲೈತೆ. ಹಂಗೆಲ್ಲ ಕೊಡೋಕಾಗಲ್ಲ."

ಇಂಥ ಕೆಲಸ ಮಾಡುವವರೆಲ್ಲ ಹೀಗೇ ಎಂದು ಬರೆದರೆ ತಪ್ಪಾಗುತ್ತದೆ. ಉಷಾಳ ಮಾತಿನ ಮೇಲೆ ಹೇಮಾವತಿಯವರು ಒಂದು ಭಾನುವಾರ ತಾವೇ ಹಿರಿಯೂರಿಗೆ ಬಂದರು. ಹೊಲದಲ್ಲಿ ನಡೆದು ನೋಡಿದರು. ಕಂಪ್ಯೂಟರಿನ ಮಾತೇ ಎತ್ತದೆ ಅಜ್ಜಪ್ಪನನ್ನು ಕೇಳುತ್ತಾ ಹೋದರು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಬಸ್ ಸ್ಟ್ಯಾಂಡು ಎಷ್ಟು ದೂರ, ಕಾಗದಪತ್ರ ಯಾರ ಹೆಸರಿನಲ್ಲಿವೆ, ಬಂದು ನೋಡಿದವರು ಏನು ಕೇಳಿ ವಾಪಸು ಹೋದರು. ಆ ಮಾತುಗಳನ್ನೇ ಹೊಸ ಪುಟದಲ್ಲಿ ಸರಳವಾಗಿ ಬರೆದರು. ಹುಣಸೆಮರದ ಫೋಟೋ ಹಾಕಿದರು. ಈ ಸಲ ವೆಬ್‌ಸೈಟಿನ ಹೆಸರನ್ನು ಶಿವಗಂಗಮ್ಮನ ಹೆಸರಿನಲ್ಲೇ ಮಾಡಿಸಿದರು.

"ಯುಗಾದಿಯೊಳಗೆ ಆಗ್ತದಾ ಮೇಡಂ?" ಎಂದು ಕೇಳಿದಳು ಶಿವಗಂಗಮ್ಮ.

ಹೇಮಾವತಿ ತಲೆ ಅಲ್ಲಾಡಿಸಿದರು. "ಹೊಸ ಪುಟ ಅಮ್ಮ. ಮೇಲೆ ಬರೋಕೆ ಟೈಮು ಬೇಕು. ಆಗ್ತದೆ ಅಂತ ಸುಳ್ಳು ಹೇಳಲಾರೆ. ಆವತ್ತು ಫೋನ್ ಮಾಡಿದಾಗಲೇ ಶುರು ಮಾಡಿದ್ದಿದ್ರೆ..."

ಅಜ್ಜಪ್ಪ ಎದ್ದು ಹೊರಗೆ ಹೋದ.

ಯುಗಾದಿಗೆ ಮುಂಚೆ ಕೆಲವು ಫೋನ್ ಬಂದವು. ತುಮಕೂರಿನ ಒಬ್ಬ ಮೇಷ್ಟ್ರು ಹೆಂಡತಿಯ ಜೊತೆ ಬಂದು ನೋಡಿ, ಒಂದು ನಿವೇಶನ ತೆಗೆದುಕೊಂಡರು. ದಾವಣಗೆರೆಯ ಇನ್ನೊಬ್ಬರು ಹಬ್ಬ ಕಳೆದ ಮೇಲೆ ಬರುತ್ತೇನೆ ಎಂದರು. ಅರ್ಧ ನಿವೇಶನಗಳ ಹತ್ತಿರಕ್ಕೂ ಲೆಕ್ಕ ಬರಲಿಲ್ಲ.

ಹಬ್ಬದ ಮಾರನೇ ದಿನ ತಿಮ್ಮರಾಯಪ್ಪ ಬಂದ. ಜಗಳ ಮಾಡಲಿಲ್ಲ. ಶಿವಗಂಗಮ್ಮ ಕೊಟ್ಟ ಹೋಳಿಗೆಯನ್ನೂ ತಿಂದ.

"ಮರದ ಮೂಲೆ ಒಂದು ಬಿಟ್ಟುಕೊಡಪ್ಪ," ಎಂದು ಅವಳು ಕೇಳಿದಳು. "ನಮ್ಮವ್ವ ಆ ಮರದ ಹಣ್ಣು ಮಾರಿ ನಮ್ಮಿಬ್ರನ್ನೂ ಓದಿಸಿದ್ಲು."

"ರಸ್ತೆಗೆ ಹತ್ರ ಇರೋದೇ ಆ ಮೂಲೆ ಅಕ್ಕ. ಅದನ್ನೇ ಬಿಟ್ರೆ ನಂಗೇನು ಉಳೀತು? ಮಾತು ಅಂದ್ರೆ ಮಾತಲ್ವಾ?"

ಅಜ್ಜಪ್ಪ ಮಳಿಗೆಯಲ್ಲಿ ಕೊಬ್ಬರಿ ಚೀಲಗಳ ನಡುವೆ ಕುಳಿತಿದ್ದ. ಮಾತಿನ ಬಗ್ಗೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಅವನು ಹೊಸಬರಿಗೆ ಬುದ್ಧಿ ಹೇಳುತ್ತಾನೆ. ಮಳಿಗೆಗೆ ಬಂದು ಬಡಾವಣೆಯ ಮಾತೆತ್ತುವವರಿಗೆ, "ಗೊತ್ತಿರೋರ ಸಹಾಯ ತಗಳ್ರಿ, ಮೊದ್ಲೇ ತಗಳ್ರಿ. ಗ್ಯಾರಂಟಿ ಅನ್ನೋರನ್ನ ಮಾತ್ರ ಹೊರಗೆ ಕಳಿಸ್ರಿ," ಎನ್ನುತ್ತಾನೆ. ಹೆಂಡತಿ ಹಿಂದಿನ ಕೋಣೆಯಿಂದ ಕೇಳಿಸಿಕೊಳ್ಳುತ್ತಾಳೆ. ಅವಳು ಈಗಲೂ ಆ ಎರಡು ಕೋಣೆಗಳಲ್ಲೇ ಇದ್ದಾಳೆ.

ನೆಲ ಕೈಬಿಟ್ಟ ಮರುವರ್ಷ ಉಷಾ ಲಾಡ್ಜಿನ ಕಂಪ್ಯೂಟರಿನಲ್ಲಿ 'ಹಿರಿಯೂರು ನಿವೇಶನ' ಎಂದು ಹುಡುಕಿದಳು. ಮೊದಲನೇ ಸಾಲಿನಲ್ಲಿ ಒಂದು ಬಡಾವಣೆ ಬಂತು. ಹೆಸರು ಬೇರೆ, ಫೋನ್ ನಂಬರು ತಿಮ್ಮರಾಯಪ್ಪನದು. ಅವನು ಯಾರದೋ ಸಹಾಯ ತೆಗೆದುಕೊಂಡಿದ್ದ, ಸರಿಯಾದವರದೇ. ಪುಟದ ಮೇಲೆ ಹುಣಸೆಮರದ ಫೋಟೋ ಇತ್ತು. ಮರದ ಕೆಳಗಿನ ಮೂಲೆಯ ಮೇಲೆ ಕೆಂಪು ಅಕ್ಷರದಲ್ಲಿ ಮಾರಾಟವಾಗಿದೆ ಎಂದು ಬರೆದಿತ್ತು. ಉಷಾ ಅದನ್ನು ಅಕ್ಕನಿಗೆ ಹೇಳಲಿಲ್ಲ.

ನಿವೇಶನಕ್ಕೆ, ಮನೆಗೆ ಹಣ ಹಾಕಿರುವ ಬಂಧುಗಳೇ, ಎಲ್ಲರಿಗೂ ಈ ಸಹಾಯ ಬೇಕೇಬೇಕು ಎಂದು ನಾವು ಹೇಳುವುದಿಲ್ಲ. ಊರಿನವರಿಗೇ ಒಂದೆರಡು ನಿವೇಶನ ಮಾರುವವರಿಗೆ ಬೋರ್ಡು ಸಾಕು, ಬಾಯಿಮಾತು ಸಾಕು. ದೂರದವರು ಬಂದು ಕೊಳ್ಳಬೇಕು ಎಂದಾದರೆ ಬಲ್ಲವರ ಸಹಾಯ ತೆಗೆದುಕೊಳ್ಳಿ, ಗಡುವು ಕುತ್ತಿಗೆಗೆ ಬರುವ ಮುಂಚೆಯೇ. ನಿಮ್ಮ ಗಿರಾಕಿ ಏನು ಕೇಳುತ್ತಾನೆ ಎಂದು ವಿಚಾರಿಸುವವರನ್ನು ಒಳಗೆ ಕರೆಯಿರಿ. ವೆಬ್‌ಸೈಟಿನ ಹೆಸರು, ಪಾಸ್‌ವರ್ಡು ಎರಡೂ ನಿಮ್ಮಲ್ಲೇ ಇರಲಿ. ಎಷ್ಟು ಜನ ನೋಡಿದರು ಎಂದು ಹಿಗ್ಗಬೇಡಿ, ಎಷ್ಟು ಅಪರಿಚಿತರು ಫೋನ್ ಮಾಡಿದರು ಎಂದು ತಿಂಗಳು ತಿಂಗಳು ಕೇಳಿ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಯ ಹೆಸರನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನಿಮ್ಮನ್ನು ಕಂಡೇ ಇಲ್ಲದವರ ಹಾಗೆ ಕಂಪ್ಯೂಟರಿನ ಮುಂದೆ ಕುಳಿತು, ನಿಮ್ಮ ನೆಲವನ್ನು ಹುಡುಕಿ. ಸಿಗದಿದ್ದರೆ, ಅದು ಬೇರೆಯವರ ಹೆಸರಿನಲ್ಲಿ ಸಿಗುವ ಮುಂಚೆ ಎಚ್ಚೆತ್ತುಕೊಳ್ಳಿ.