ಅಡುಗೆಯವನು ಕುಡಿದಿದ್ದನಂತೆ

ಬಂದರಿನ ಎದುರಿಗಿದ್ದ ಆ ದೊಡ್ಡ ಹೋಟೆಲಿನ ಹಾಸಿಗೆ ಹೊದಿಕೆಗಳನ್ನು ಒಗೆದೇ ಅವಳು ಮಗನನ್ನು ಓದಿಸಿದ್ದಳು. ಈಗ ಅದೇ ಹೋಟೆಲಿನಲ್ಲಿ ಮಗನಿಗೆ ಕೆಲಸ: ಬಂದ ಪ್ರವಾಸಿಗರಿಗೆಲ್ಲ ಕಟ್ಟಡದ ಚರಿತ್ರೆ ಹೇಳುವುದು. “ಒಂದ್ಸಲ ನಾನೂ ಬಂದು ಕೇಳ್ತೀನಿ ಕಣೋ” ಎಂದಾಗಲೆಲ್ಲ ಅವನು “ನೋಡೋಣ ಬಿಡಮ್ಮ” ಎಂದು ಜಾರಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವಳು ಹೇಳದೆ ಕೇಳದೆ ಹೊರಟೇಬಿಟ್ಟಳು. ಜೀವಮಾನವೆಲ್ಲ ಹಿಂಬಾಗಿಲಲ್ಲಿ ಓಡಾಡಿದವಳು ಮೊದಲ ಸಲ ಮುಂಬಾಗಿಲಿನಿಂದ ಒಳಹೊಕ್ಕು, ಪ್ರವಾಸಿಗರ ಹಿಂದೆ ನಿಂತಳು. ಮಗನ ಮಾತು ಅರಳು ಹುರಿದಂತೆ ಸಾಗಿತ್ತು. ಹಡಗಿನ ವ್ಯಾಪಾರಿಯೊಬ್ಬ ಇದನ್ನು ಕಟ್ಟಿಸಿದ್ದು, ಯುದ್ಧದ ಕಾಲಕ್ಕೆ ಇದೇ ಆಸ್ಪತ್ರೆಯಾಗಿದ್ದು... ಅವಳ ಎದೆ ಉಬ್ಬಿತು.

“ಆಮೇಲೆ ಆ ಬೆಂಕಿ!” ಎಂದ ಮಗ. “ಅಡುಗೆಯವನೊಬ್ಬ ಕಂಠಪೂರ್ತಿ ಕುಡಿದು ಉರಿಯೋ ಒಲೆ ಪಕ್ಕಾನೇ ಗೊರಕೆ ಹೊಡೀತಿದ್ದ. ಊರಿಗೆಲ್ಲ ಎಚ್ಚರ ಆಯ್ತು, ಅವನೊಬ್ಬನಿಗೆ ಆಗ್ಲಿಲ್ಲ!” ಜನ ಗೊಳ್ಳೆಂದು ನಕ್ಕರು. “ನಮ್ಮ ಯಜಮಾನ್ರೇ ಬಾಗಿಲು ಒಡೆದು ಎಲ್ಲರನ್ನೂ ಉಳಿಸಿದ್ರು.”

ಆ ಅಡುಗೆಯವನು ಅವಳ ಗಂಡ, ಇವನ ಅಪ್ಪ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದವನು. ಬೆಂಕಿ ಹತ್ತಿದ್ದು ಮೇಲಿನ ಮಹಡಿಯ ಹಳೇ ಕರೆಂಟ್ ವೈರಿನಿಂದ. ಕಿಡಿ ಹಾರುತ್ತಿದೆಯೆಂದು ಕೆಲಸದವರು ಬಡಕೊಂಡರೂ ಯಜಮಾನ ಕಿವಿಗೆ ಹಾಕಿಕೊಂಡಿರಲಿಲ್ಲ. ಮಲಗಿದ್ದ ಅತಿಥಿಗಳನ್ನು ಎಬ್ಬಿಸಲು ಗಂಡ ಮೆಟ್ಟಿಲು ಹತ್ತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಇಳಿದು ಬಂದಿದ್ದನ್ನು ಕಾಣಲಿಲ್ಲ.

“ಆ ಅಡುಗೆಯವನ ಹೆಸರೇನಪ್ಪಾ?” ಎಂದು ಕೇಳಿದಳು.

ಮಗನ ಮುಖ ಬಿಳಿಚಿಕೊಂಡಿತು. ಮ್ಯಾನೇಜರು ಕಂಬದ ಬಳಿಯೇ ನಿಂತಿದ್ದ.

“ಗೊತ್ತಿಲ್ಲಮ್ಮ” ಎಂದ ಮಗ, ಯಾರೋ ದಾರಿಹೋಕ ಮುದುಕಿಗೆ ಹೇಳುವಂತೆ. “ಎಲ್ಲರೂ ಬನ್ನಿ, ಮೇಲಿನ ಹಾಲ್ ನೋಡೋಣ.”

ಸಂಜೆ ಮನೆಗೆ ಬಂದವನು ತಲೆ ಎತ್ತಲಿಲ್ಲ. “ಅವರು ಕಲಿಸಿದ್ದನ್ನ ಒಪ್ಪಿಸ್ತೀನಿ, ಅಷ್ಟೇ ಕಣಮ್ಮ. ನಾನಲ್ದಿದ್ರೆ ಇನ್ನೊಬ್ಬ ಹೇಳ್ತಾನೆ.”

“ಹೇಳ್ಲಿ. ಅವನಿಗೇನು, ಅವನಪ್ಪನಾ?” ಎಂದಳು. ಆಮೇಲೆ ತಡೆದು, “ಆ ನಗು ಬರಿಸೋ ಮಾತು... ಅದನ್ನೂ ಅವರೇ ಕಲಿಸಿದ್ರಾ?” ಎಂದು ಕೇಳಿದಳು.

ಅವನು ಎದ್ದು, ಕೈಕಾಲು ತೊಳೆಯಲು ಬಚ್ಚಲಿಗೆ ನಡೆದ.

ಮಾರನೆಯ ದಿನ ಅವಳು ಬಟ್ಟೆ ಗಂಟು ಕಟ್ಟಿಕೊಂಡು ತಂಗಿಯ ಮನೆ ಸೇರಿದಳು. ಮಗ ಆಗಾಗ ಬಂದು ಕೂರುತ್ತಾನೆ. ಅವಳು ನೀರು ಕೊಡುತ್ತಾಳೆ, ಊಟ ಆಯ್ತಾ ಎಂದು ವಿಚಾರಿಸುತ್ತಾಳೆ. ಆ ಕೆಲಸವನ್ನು ಅವನು ಬಿಟ್ಟಿಲ್ಲ. ಬಿಡು ಎಂದು ಅವಳೂ ಹೇಳಿಲ್ಲ.