ಊರ ಬಾವಿಗೆ ಗಂಗಾಪೂಜೆ

"ಲೇ ಜಡೆಪ್ಪ, ತಲಿ ಹೊರಗ ಹಾಕಬ್ಯಾಡಲೇ ಭಾಡ್ಕಾವ್! ಸಾಹೇಬ್ರು ಬಂದುಬಿಟ್ರು!"

ಬೈದವನು ಗುತ್ತಿಗೆದಾರ ಪಂಪಣ್ಣ. ಬಾವಿಯ ಹೂಳಿನ ಕೊನೆಯ ಬುಟ್ಟಿ ಮೇಲೆ ಕಳಿಸಿ ನಾನೂ ಜೊತೆಗೆ ಕೂಲಿಗಿದ್ದ ಕೊಟ್ರಮ್ಮನೂ ಏಣಿ ಹತ್ತುತ್ತಿದ್ದೆವು.

"ಈ ಅವತಾರದಾಗ ಎದಿರಿಗೆ ಬಂದ್ರ ನನ್ನ ಮರ್ಯಾದಿ ಏನಾಗಬೇಕು? ಪೂಜಿ ಮುಗಿಯೂಮಟ ಅಲ್ಲೇ ಸಾಯ್ರಿ. ಬಾಯಿ ಬಿಟ್ರ ನಾಳಿಯಿಂದ ಕೆಲಸ ಇಲ್ಲ."

ಇಳಿದೆವು. ಅವನು ಏಣಿ ಎಳೆದುಕೊಂಡ. ಸದ್ದು ಭಾಷಣಕ್ಕೆ ಅಡ್ಡಿಯೆಂದು ನೀರೆತ್ತುವ ಮೋಟಾರನ್ನೂ ನಿಲ್ಲಿಸಿದ. ಹೂಳು ತೆಗೆದ ಬಾವಿಯ ಸೆಲೆಗಳು ಸುಮ್ಮನಿರುತ್ತವೆಯೇ? ನೀರು ಏರತೊಡಗಿತು.

ಕುರುಗೋಡು ಈಗ ಹಳ್ಳಿಯಲ್ಲ. ಬಳ್ಳಾರಿಯ ಬಾಲ ಹಿಡಿದು ಪಟ್ಟಣವಾಗಿದೆ. ಪಟ್ಟಣವೆಂದ ಮೇಲೆ ಇತಿಹಾಸ ಬೇಕಲ್ಲ! ಅದಕ್ಕೇ ಈ ಹಳೆಯ ಬಾವಿಯ ಉದ್ಧಾರ, ಉದ್ಧಾರಕ್ಕೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ, ಮರಿಬಸಪ್ಪ. ಮೈಕು ಸಿಕ್ಕರೆ ಊಟ ಬಿಡುವ ಆಸಾಮಿ.

ಭಾಷಣವನ್ನು ಸಿಂದ ಅರಸರಿಂದ ಶುರು ಮಾಡಿದರು. ನೀರು ಮೊಣಕಾಲಿಗಿತ್ತು. ವಿಜಯನಗರಕ್ಕೆ ಬರುವಷ್ಟರಲ್ಲಿ ಸೊಂಟ ಮುಟ್ಟಿತು. ಕೆಲಸ ಹೋದರೆ ಹೋಗಲಿ ಎಂದು ಕೂಗಿದೆವು. ಮೈಕಿನ ಮುಂದೆ ಬಡವರ ಬಾಯಿ ಯಾರಿಗೆ ಕೇಳುತ್ತದೆ? ಮದ್ರಾಸಿನ ಬ್ರಿಟಿಷರು ಬಂದಾಗ ಕೊಟ್ರಮ್ಮನಿಗೆ ಎದೆಮಟ್ಟ. ಗಿಡ್ಡ ಹೆಂಗಸು, ಈಜು ಬಾರದು. ನನಗೂ ಬಾರದು.

"ಯಣ್ಣಾ, ಇನ್ನಾ ಸ್ವಾತಂತ್ರ್ಯ ಬರಬೇಕಲ್ಲೋ," ಎಂದಳು. "ಅದು ಬರೂದ್ರಾಗ ನಾವು ಮುಳುಗಿರ್ತೀವಿ."

ಮೇಲೆ ಅಧ್ಯಕ್ಷರು ದನಿ ಏರಿಸಿದರು: "ಬಾಂಧವರೇ, ಈ ಬಾವಿ ಜಾತಿ ನೋಡಲಿಲ್ಲ, ಊರಿಗೆಲ್ಲ ನೀರುಣಿಸಿತು!"

"ಬಾವಿ ನೋಡಲಿಲ್ಲ ಖರೆ," ಕೊಟ್ರಮ್ಮ ಉರಿದೆದ್ದಳು. "ನಮ್ಮವ್ವ ಕೊಡ ತಂದ್ರ ಕಲ್ಲು ಒಗದ ನಿಮ್ಮಪ್ಪ ನೋಡಿದ್ದನಲ್ಲೋ, ಸೂಳಿಮಗನ!"

ನೀರು ಅವಳ ಗದ್ದಕ್ಕೆ ಬಂತು. ಹೆಗಲ ಮೇಲೆ ಕೂರಿಸಿಕೊಂಡೆ.

ಭಜಂತ್ರಿ ಶುರುವಾಯಿತು. ಹಿತ್ತಾಳೆ ಕೊಡ ಇಳಿಯಿತು. ಮೊದಲ ನೀರನ್ನು ಅಧ್ಯಕ್ಷರೇ ಸೇದಬೇಕಂತೆ. ಹಗ್ಗವನ್ನು ಕೈಗೆ ಸುತ್ತಿಕೊಂಡು, ಮುಖವನ್ನು ಕ್ಯಾಮೆರಾಕ್ಕೆ ಕೊಟ್ಟು ಜಗ್ಗಿದರು. ಕೊಡ ಬರಲಿಲ್ಲ. ಕೊಟ್ರಮ್ಮ ಎರಡೂ ಕೈಯಲ್ಲಿ ಹಿಡಿದಿದ್ದಳು. ಉಸ್ಸೆಂದು ಮತ್ತೆ ಜಗ್ಗಿದರು.

"ಗಂಗಮ್ಮ ಕೊಡ ಹಿಡದಾಳ!" ಪೂಜಾರಿ ಮೈಕಿನಲ್ಲಿ ಕಿರುಚಿದ. "ತಾಯಿ ಸತ್ಯುಳ್ಳಾಕಿ!"

ಜನ ಚಪ್ಪಾಳೆ ತಟ್ಟಿದರು. ಆಮೇಲೆ ಭಕ್ತಿಯಿಂದ ಕೈಮುಗಿದರೋ ಏನೋ, ಭಜಂತ್ರಿಯೂ ನಿಂತು ಎಲ್ಲ ಗಪ್‌ಚುಪ್ ಆಯಿತು.

"ಗಂಗಮ್ಮ ಅಲ್ಲಲೇ, ಕೊಟ್ರಮ್ಮ ಹಿಡದಾಳ!" ನನ್ನ ಹೆಗಲ ಮೇಲಿಂದ ಕೂಗಿದಳು. "ಏಣಿ ಬಿಡ್ತೀಯೋ, ನೀನ ಬರ್ತೀಯೋ?"

ಅಂದವಳೇ ಹಗ್ಗವನ್ನು ಕೆಳಕ್ಕೆ ಜಗ್ಗಿದಳು. ಕಟ್ಟೆಯ ಮೇಲಿಂದ ಅಧ್ಯಕ್ಷರ ಅರ್ಧ ಹೊಟ್ಟೆ ಬಾವಿಯೊಳಕ್ಕೆ ಬಂತು.

ನಾನು ಕಾಲು ಗಟ್ಟಿಯಾಗಿ ಊರಿದೆ.

"ಇನ್ನೊಮ್ಮಿ ಜಗ್ಗು, ತಂಗೀ."